ಟ್ರಿಗರ್ ಭಾರ ಅನ್ನಿಸಿದರೆ ಮೊದಲು ಮರ ನೋಡಿ

ಪ್ರಶ್ನೆ: ನಾವು ರಾಣೇಬೆನ್ನೂರಿನವರು. ಮಗಳಿಗೆ 14 ವರ್ಷ. ಒಂದು ವರ್ಷದಿಂದ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ವಾರಕ್ಕೆರಡು ದಿನ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಸ್ಪ್ರಿಂಗ್ ರೈಫಲ್ ತಗೊಂಡಿದ್ದೇನೆ. ಬ್ಯಾರಲ್ ಮಡಚಿ ಕಾಕ್ ಮಾಡುವಂಥದ್ದು (ಅಂದರೆ ಒಳಗಿನ ಸ್ಪ್ರಿಂಗ್ ಬಿಗಿಯುವಂಥದ್ದು), 4.5 ಮಿಮೀ, ಓಪನ್ ಸೈಟ್ (ಗುರಿ ಹಿಡಿಯಲು ಹಿಂದೆ ಸಂದಿ, ಮುಂದೆ ಗೂಟ). ಸ್ಟಾಕ್, ಅಂದರೆ ರೈಫಲ್‌ನ ಮರದ ಭಾಗ, ಅವಳಿಗೆ ಉದ್ದ, ಟ್ರಿಗರ್ ಬಹಳ ಭಾರ. ನಮ್ಮ ಓಣಿಯ ಬಡಿಗೇರರು ಸಾಗವಾನಿಯಲ್ಲಿ ಹೊಸ ಸ್ಟಾಕ್ ಮಾಡಿಕೊಡುತ್ತೇನೆ ಅಂತಾರೆ. ಗೊತ್ತಿದ್ದವರೊಬ್ಬರು ಟ್ರಿಗರ್ ಒಳಗಿನ ಕೊಕ್ಕೆಯನ್ನು ಅರದಿಂದ ಸ್ವಲ್ಪ ಉಜ್ಜಿದರೆ ಹಗುರಾಗುತ್ತದೆ ಅಂದರು. ಎರಡನ್ನೂ ಮನೆಯಲ್ಲೇ ಮಾಡಬಹುದೇ? ನಮ್ಮ ಮಾವನ ಹತ್ತಿರ ಲೈಸೆನ್ಸ್ ಇರುವ ಹಳೆ ಕೋವಿ ಇದೆ, ಅದರ ಮರದ ಹಿಡಿ ಸೀಳಿದೆ. ಅದನ್ನೂ ಅವರಿಂದಲೇ ಮಾಡಿಸಬಹುದೇ?

ಉತ್ತರ: ಮರದ ಕೆಲಸವನ್ನು ಧಾರಾಳವಾಗಿ ಮನೆಯಲ್ಲಿ ಮಾಡಿಸಿ. ಟ್ರಿಗರ್ ಒಳಗಿನ ಉಕ್ಕಿಗೆ ಮಾತ್ರ ಅರ ಹಚ್ಚಬೇಡಿ. ಕೋವಿಯ ಮಾತು ಬೇರೆಯೇ, ಅದಕ್ಕೆ ಕೊನೆಗೆ ಬರುತ್ತೇನೆ.

ಅರದ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಸಲಹೆ ಕೊಟ್ಟವರು ಹೇಳಿದ್ದನ್ನೇ ನಾನು ಇಪ್ಪತ್ತರ ವಯಸ್ಸಿನಲ್ಲಿ ಮಾಡಿದ್ದೆ. ಧಾರವಾಡದಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಕೂತು, ಸಣ್ಣ ಅರದಿಂದ ಸಿಯರ್ ಉಜ್ಜಿದೆ. ಸಿಯರ್ ಅಂದರೆ ಹಿಂದಕ್ಕೆ ಎಳೆದ ಪಿಸ್ಟನ್ನನ್ನು ತಡೆದು ಹಿಡಿದಿರುವ ಕೊಕ್ಕೆ. ಆ ದಿನ ಟ್ರಿಗರ್ ಬೆಣ್ಣೆಯ ಹಾಗೆ ಆಯಿತು. ಬಹಳ ಖುಷಿಪಟ್ಟೆ. ಮೂರು ವಾರದ ಮೇಲೆ ಒಂದು ಸಂಜೆ ಕಾಕ್ ಮಾಡಿ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇಡುತ್ತಿದ್ದೆ. ಟ್ರಿಗರ್ ಹತ್ತಿರ ನನ್ನ ಬೆರಳೇ ಇರಲಿಲ್ಲ. ಸ್ಪ್ರಿಂಗ್ ತಾನಾಗಿ ಬಿಟ್ಟುಕೊಂಡಿತು. ತೆರೆದಿದ್ದ ಬ್ಯಾರಲ್ ಧಡ್ ಅಂತ ಮೇಲೆ ಬಂದು ಮುಚ್ಚಿಕೊಂಡಿತು. ಎಡಗೈ ಹೆಬ್ಬೆರಳ ಉಗುರು ಬುಡದಿಂದ ಸೀಳಿತು, ಮೂಳೆ ಬಿರುಕು ಬಿಟ್ಟಿತು. ಇಂದಿಗೂ ಮಳೆಗಾಲದಲ್ಲಿ ಆ ಬೆರಳು ನೋಯುತ್ತದೆ. ಅಲ್ಲಿ ನಿಮ್ಮ ಮಗಳ ಬೆರಳು ಇದ್ದಿದ್ದರೆ ಅಂತ ಒಂದು ಸಲ ನೆನೆಸಿಕೊಳ್ಳಿ.

ಯಾಕೆ ಹೀಗಾಯಿತು? ಆ ಕೊಕ್ಕೆಯ ಉಕ್ಕು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಮಾತ್ರ ಗಟ್ಟಿ. ಶಾಖ ಕೊಟ್ಟು ಹದ ಮಾಡಿದ ಗಟ್ಟಿ ಪದರ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪ. ಅರ ಆ ಪದರವನ್ನು ತೆಗೆದುಹಾಕುತ್ತದೆ. ಒಳಗಿನ ಮೆತ್ತನೆ ಉಕ್ಕು ದಿನದಿನಕ್ಕೂ ಸವೆಯುತ್ತದೆ. ಜೊತೆಗೆ ಕೊಕ್ಕೆಯ ಕೋನ ಒಂದು ಕೂದಲೆಳೆ ತಪ್ಪಿದರೂ ಸಾಕು, ಅದು ಹಿಡಿಯುವ ಬದಲು ಜಾರಲು ಕಾಯುತ್ತಿರುತ್ತದೆ. ಹೊಸದಾಗಿ ಉಜ್ಜಿದ ದಿನ ಎಲ್ಲ ಸರಿ ಕಾಣುತ್ತದೆ. ಮೋಸ ಇರುವುದೇ ಅಲ್ಲಿ.

ಈಗ ನನ್ನ ಮುಖ್ಯ ಮಾತು. ಮಕ್ಕಳು ಟ್ರಿಗರ್ ಭಾರ ಅಂತ ಹೇಳಿದಾಗ ನಾನು ಟ್ರಿಗರ್ ಮುಟ್ಟುವುದೇ ಇಲ್ಲ. ಮೊದಲು ಸ್ಟಾಕ್ ನೋಡುತ್ತೇನೆ. ಹತ್ತಕ್ಕೆ ಆರೇಳು ಸಲ ದೋಷ ಅಲ್ಲೇ ಸಿಕ್ಕಿದೆ.

ಟ್ರಿಗರ್ ಅಂದರೆ ಒಂದು ಸನ್ನೆ, ಅಷ್ಟೇ. ಮೇಲೆ ಒಂದು ಪಿನ್, ಅದರ ಸುತ್ತ ತಿರುಗುತ್ತದೆ. ಬೆರಳು ಪಿನ್ನಿನಿಂದ ದೂರ ಇದ್ದಷ್ಟೂ ಕಡಿಮೆ ಬಲ ಸಾಕು. ಬಾವಿ ರಾಟೆಯ ಹಿಡಿಕೆ ಉದ್ದ ಇದ್ದರೆ ತಿರುಗಿಸುವುದು ಹಗುರ, ಅಲ್ವಾ? ಅದೇ ಲೆಕ್ಕ. ಪಿನ್ನಿನಿಂದ 15 ಮಿಮೀ ಕೆಳಗೆ ಬೆರಳಿಟ್ಟಾಗ 2 ಕೆಜಿ ಬೇಕಾದರೆ, 20 ಮಿಮೀ ಕೆಳಗೆ ಇಟ್ಟಾಗ 1.5 ಕೆಜಿ ಸಾಕು. ಐದೇ ಮಿಲಿಮೀಟರ್! ನಿಮ್ಮ ಮಗಳ ಬೆರಳು ಈಗ ಎಲ್ಲಿ ಬೀಳುತ್ತಿದೆ ನೋಡಿ. ಸ್ಟಾಕ್ ಉದ್ದ ಇದ್ದಾಗ ಮಕ್ಕಳು ಟ್ರಿಗರ್ ಸಿಗಲೆಂದು ಕೈಯನ್ನು ಗ್ರಿಪ್‌ನ ಮೇಲ್ಭಾಗಕ್ಕೆ ಎಳೆದುಕೊಳ್ಳುತ್ತಾರೆ. ಬೆರಳು ಟ್ರಿಗರ್‌ನ ಮೇಲ್ತುದಿಗೆ, ಪಿನ್ನಿನ ಹತ್ತಿರಕ್ಕೇ ಹೋಗುತ್ತದೆ. ಅದೂ ಬೆರಳಿನ ತುದಿ ಮಾತ್ರ, ಓರೆಯಾಗಿ. ಆಗ 2 ಕೆಜಿ ಟ್ರಿಗರ್ 3 ಕೆಜಿಯ ಹಾಗೆ ಅನ್ನಿಸುತ್ತದೆ, ಮೇಲಾಗಿ ರೈಫಲನ್ನು ಪಕ್ಕಕ್ಕೆ ತಳ್ಳುತ್ತದೆ.

ಪಕ್ಕಕ್ಕೆ ತಳ್ಳಿದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಓಪನ್ ಸೈಟ್ ರೈಫಲ್‌ನಲ್ಲಿ ಹಿಂದಿನ ಸೈಟ್‌ಗೂ ಮುಂದಿನದಕ್ಕೂ ಸುಮಾರು 45 ಸೆಂಮೀ ಅಂತರ ಇರುತ್ತದೆ ಅಂದುಕೊಳ್ಳಿ. ಮುಂದಿನ ಸೈಟ್ 0.1 ಮಿಮೀ ಸರಿದರೆ 10 ಮೀಟರ್ ಆಚೆ ಪೆಲೆಟ್ 2.2 ಮಿಮೀ ಸರಿಯುತ್ತದೆ. ಏರ್ ರೈಫಲ್ ಗುರಿಹಾಳೆಯಲ್ಲಿ ಒಂದು ರಿಂಗಿನಿಂದ ಮುಂದಿನ ರಿಂಗಿಗೆ 2.5 ಮಿಮೀ. ನಡುವಿನ ಹತ್ತರ ಚುಕ್ಕೆಯೇ 0.5 ಮಿಮೀ. ಹೀಗಾಗಿ ಬೆರಳು ಓರೆಯಾಗಿ ಎಳೆದರೆ ಒಂದು ಅಂಕ ಹೋಗಿಬಿಡುತ್ತದೆ. 60 ಗುಂಡಿನ ಸ್ಪರ್ಧೆಯಲ್ಲಿ ಅದು ಎಷ್ಟಾಯಿತು ನೀವೇ ಎಣಿಸಿ.

ಹಾಗಾದರೆ ಹೊಸ ಸ್ಟಾಕ್ ಮಾಡಿಸೋಣವೇ? ಇನ್ನೂ ಬೇಡ. ಬಡಿಗೇರರಿಗೆ ಎರಡು ತಿಂಗಳು ಕಾಯಲು ಹೇಳಿ. ಮಗಳ ಮೈಗೆ ಯಾವ ಅಳತೆ ಬೇಕು ಅಂತ ನಿಮಗಾಗಲಿ ಅವರಿಗಾಗಲಿ ಇನ್ನೂ ಗೊತ್ತಿಲ್ಲ. ಅದನ್ನು ಹಳೆ ಸ್ಟಾಕ್ ಮೇಲೆಯೇ ಕಂಡುಕೊಳ್ಳಬೇಕು. ಅದು ಕೆಟ್ಟರೂ ಚಿಂತೆ ಇಲ್ಲ.

ಉದ್ದದಿಂದ ಶುರು ಮಾಡಿ. ಪೆಲೆಟ್ ಇಲ್ಲದ, ಕಾಕ್ ಮಾಡದ ರೈಫಲ್ ತಗೊಳ್ಳಿ. ಮಗಳು ಬಲಗೈಯನ್ನು ಮೊಣಕೈಯಲ್ಲಿ ಕಾಟಕೋನಕ್ಕೆ ಮಡಚಲಿ. ಬಟ್ಟನ್ನು, ಅಂದರೆ ಸ್ಟಾಕ್‌ನ ಭುಜಕ್ಕೆ ತಾಗುವ ತುದಿಯನ್ನು, ಮೊಣಕೈಯ ಒಳಮಡಿಕೆಗೆ ಆನಿಸಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಬಂದರೆ ಉದ್ದ ಸರಿ. ಅಂಗಡಿಯ ರೈಫಲ್‌ಗಳಲ್ಲಿ ಈ ಅಳತೆ ಸಾಮಾನ್ಯವಾಗಿ 14 ಇಂಚಿನ ಆಸುಪಾಸು ಇರುತ್ತದೆ. ಅದು ದೊಡ್ಡವರ ಅಳತೆ. 14 ವರ್ಷದ ಹುಡುಗಿಗೆ 12, 12.5 ಇಂಚು ಬಂದರೂ ಆಶ್ಚರ್ಯ ಇಲ್ಲ. ಇದು ನಿಂತಲ್ಲೇ ನೋಡುವ ಅಂದಾಜು ಅಷ್ಟೇ. ಶೂಟಿಂಗ್ ಜಾಕೆಟ್ ಹಾಕಿಕೊಂಡು ಮತ್ತೆ ನೋಡಿ. ಜಾಕೆಟ್ಟಿನ ದಪ್ಪವೂ ಸ್ವಲ್ಪ ಉದ್ದ ನುಂಗುತ್ತದೆ.

ಎಷ್ಟು ಕಡಿಮೆ ಮಾಡಬೇಕು ಅಂತ ಗೊತ್ತಾದ ಮೇಲೆ ಬಟ್ ಕಡೆಯಿಂದ ಕೊಯ್ಯಿಸಿ. ಕೊಯ್ಯುವ ಗೆರೆಯ ಸುತ್ತ ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದರೆ ಅಂಚು ಸಿಬಿರು ಏಳುವುದಿಲ್ಲ. ಕೊಯ್ದ ತುಂಡನ್ನು ಬಿಸಾಡಬೇಡಿ. ಅವಳು ಇನ್ನೂ ಬೆಳೆಯುವ ಹುಡುಗಿ. ಬಡಿಗೇರರಿಂದ ಬಟ್ಟಿನದೇ ಆಕಾರದ 6 ಮಿಮೀ ಪ್ಲೈವುಡ್ ಬಿಲ್ಲೆಗಳನ್ನು ನಾಲ್ಕೈದು ಮಾಡಿಸಿ ಇಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಅಳತೆ ನೋಡಿ, ಬೇಕಾದರೆ ಒಂದು ಬಿಲ್ಲೆ ಸೇರಿಸಿ ಉದ್ದ ಸ್ಕ್ರೂ ಹಾಕಿದರೆ ಆಯಿತು. ದೊಡ್ಡ ಸ್ಪರ್ಧೆಯ ರೈಫಲ್‌ಗಳಲ್ಲೂ ಇದೇ ನಡೆಯುತ್ತದೆ, ಅಲ್ಲಿ ಅಲ್ಯೂಮಿನಿಯಂ ಸ್ಟಾಕು, ಹೊಂದಿಸುವ ಸ್ಕ್ರೂಗಳು, ಅಷ್ಟೇ ವ್ಯತ್ಯಾಸ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದ ಚಿತ್ರಗಳನ್ನು ಮಗಳಿಗೆ ತೋರಿಸಿ. ರೈಫಲ್‌ನ ಕೆನ್ನೆಯ ಭಾಗ, ಬಟ್ಟು, ಎಲ್ಲವೂ ಅವನ ಮೈಗೆ ಹೊಂದಿಸಿದ್ದು. ಮೈ ರೈಫಲ್‌ಗೆ ಹೊಂದಿಕೊಂಡಿದ್ದಲ್ಲ.

ಆಮೇಲೆ ಕೆನ್ನೆ. ಮಗಳು ಕಣ್ಣು ಮುಚ್ಚಿ ರೈಫಲ್ ಎತ್ತಿ, ಭುಜಕ್ಕಿಟ್ಟು, ಆರಾಮಾಗಿ ಕೆನ್ನೆ ಇಡಲಿ. ಈಗ ಕಣ್ಣು ತೆರೆಯಲಿ. ಹಿಂದಿನ ಸೈಟ್‌ನ ಸಂದಿಯಲ್ಲಿ ಮುಂದಿನ ಸೈಟ್ ತಾನಾಗಿ ಕಂಡರೆ ಸರಿ. ಮುಂದಿನ ಸೈಟ್ ಕಾಣುತ್ತಲೇ ಇಲ್ಲ, ಹಿಂದಿನದರ ಕೆಳಗೆ ಮುಳುಗಿದೆ ಅಂದರೆ ಕಣ್ಣು ತಗ್ಗಿನಲ್ಲಿದೆ, ಕೆನ್ನೆಯ ಮರ ಏರಬೇಕು. ಕಾರ್ಕ್ ಹಾಳೆ ತುಂಡು ಮಾಡಿ ಟೇಪಿನಿಂದ ಅಂಟಿಸಿ, ಒಂದೊಂದೇ ಪದರ. ಒಂದು ತಿಂಗಳು ಹಾಗೇ ಹೊಡೆಯಲಿ. ಓಪನ್ ಸೈಟ್‌ನಲ್ಲಿ ಬಹಳ ಏರಿಸಬೇಕಾಗಿ ಬರುವುದಿಲ್ಲ. ಮುಂದೆ ಪೀಪ್ ಸೈಟ್ (ಸಣ್ಣ ತೂತಿನಿಂದ ನೋಡುವ ಸೈಟ್) ಹಾಕಿಸಿದರೆ ಆಗ ಬೇಕಾಗುತ್ತದೆ, ಯಾಕೆಂದರೆ ಆ ಸೈಟ್ ಎತ್ತರದಲ್ಲಿ ಕೂರುತ್ತದೆ.

ಗ್ರಿಪ್ ವಿಷಯಕ್ಕೆ ಜಾಸ್ತಿ ಸಮಯ ಕೊಡಿ. ನಿಜವಾದ ಕೆಲಸ ಇರುವುದು ಇಲ್ಲೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಬಣ್ಣದ ಎಪಾಕ್ಸಿ ಪುಟ್ಟಿ ತನ್ನಿ. ರಬ್ಬರ್ ಕೈಗವಸು ಹಾಕಿಕೊಂಡು ಚಪಾತಿ ಹಿಟ್ಟಿನ ಹಾಗೆ ಒಂದೇ ಬಣ್ಣ ಬರುವವರೆಗೆ ನಾದಿ, ಗ್ರಿಪ್‌ಗೆ ಹಚ್ಚಿ. ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮಗಳಿಗೆ ಹೊಡೆಯುವ ನಿಲುವಿನಲ್ಲೇ ನಿಂತು ಹಿಡಿಯಲು ಹೇಳಿ. ಕೂತು ಹಿಡಿಯುವುದು ಬೇರೆ, ನಿಂತು ಹಿಡಿಯುವುದು ಬೇರೆ. ಬೇಸಿಗೆಯಲ್ಲಿ ಪುಟ್ಟಿ ಬೇಗ ಬಿಗಿಯುತ್ತದೆ, ಹಾಗಾಗಿ ಬೆಳಗ್ಗೆ ತಂಪಿರುವಾಗ ಮಾಡಿ. ಕೈ ಎಷ್ಟು ಕೆಳಗೆ ಕೂತರೆ ಬೆರಳು ಟ್ರಿಗರ್‌ನ ಕೆಳಭಾಗದ ಮೇಲೆ ನೇರವಾಗಿ ಬೀಳುತ್ತದೆಯೋ ಅಲ್ಲಿಗೆ ಪುಟ್ಟಿಯಿಂದ ಒಂದು ಸಣ್ಣ ಅಟ್ಟಣೆ ಮಾಡಿ, ಕೈ ಮೇಲಕ್ಕೆ ಜಾರದ ಹಾಗೆ. ಇನ್ನೊಂದು ಪರೀಕ್ಷೆ ಮರೆಯಬೇಡಿ. ಟ್ರಿಗರ್ ಬೆರಳಿಗೂ ಮರಕ್ಕೂ ನಡುವೆ ಒಂದು ಲಗ್ನಪತ್ರಿಕೆಯ ದಪ್ಪ ಕಾಗದ ತೂರಿಸಿ. ಸರಾಗವಾಗಿ ಮೇಲಿನಿಂದ ಕೆಳಗೆ ಹೋಗಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಬೆರಳು ಮರಕ್ಕೆ ತಾಗುತ್ತಿದೆ, ಎಳೆದಾಗ ಮರವನ್ನೂ ತಳ್ಳುತ್ತದೆ. ಆ ಜಾಗ ಕೆರೆದು ತೆಗೆಯಿರಿ.

ಹೆಬ್ಬೆರಳು ತೂರುವ ತೂತಿನ ಸ್ಟಾಕ್ ನೋಡಲು ಚಂದ. ಆದರೆ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶ ಇಲ್ಲ. ಬಡಿಗೇರರು ಆಸೆಪಟ್ಟು ಮಾಡಿಬಿಟ್ಟಾರು, ಮೊದಲೇ ಹೇಳಿ. ಒಟ್ಟು ತೂಕ ಸೈಟ್ ಸೇರಿ 5.5 ಕೆಜಿ ಮೀರಬಾರದು ಅಂತಲೂ ನಿಯಮ ಇದೆ. ನಿಮ್ಮ ಮಗಳಿಗೆ ಅದರ ಚಿಂತೆ ಇಲ್ಲ. ಅವಳಿಗೆ ಈಗ 3.5ರಿಂದ 4 ಕೆಜಿ ಸಾಕು. ಭಾರದ ರೈಫಲ್ ಎತ್ತಿ ಬೆನ್ನು ಹಿಂದಕ್ಕೆ ಬಾಗಿಸುವ ಚಟ ಬಿದ್ದರೆ ಆಮೇಲೆ ಬಿಡಿಸುವುದು ಕಷ್ಟ.

ಎರಡು ತಿಂಗಳು ಹೀಗೆ ಹೊಡೆದ ಮೇಲೆ ಆ ಕಾರ್ಕು, ಪುಟ್ಟಿ, ಟೇಪು ಸೇರಿದ ಹಳೆ ಸ್ಟಾಕ್ ನೋಡಲು ಕುರೂಪವಾಗಿರುತ್ತದೆ. ಆದರೆ ಅದೇ ನಿಮ್ಮ ನಕ್ಷೆ. ಅದನ್ನು ಬಡಿಗೇರರ ಕೈಗೆ ಕೊಡಿ. ಈಗ ಮರದ ಮಾತಾಡೋಣ.

ಹೊರದೇಶದಲ್ಲಿ ಅಕ್ರೋಟ್ ಮರಕ್ಕೆ ಮೊದಲ ಮರ್ಯಾದೆ, ಅಗ್ಗದ ರೈಫಲ್‌ಗೆ ಬೀಚ್ ಮರ. ನಮ್ಮ ಕಡೆ ಅವನ್ನು ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ. ಬೀಟೆ ಚಂದ, ಆದರೆ ಭಾರ, ಹುಡುಗಿಗೆ ಬೇಡ. ಮಾವು ಅಗ್ಗ, ಆದರೆ ಹುಳ ಬೀಳುತ್ತದೆ. ಜಾಲಿ ಚಕ್ಕಡಿ ಗಾಲಿಗೆ ಸರಿ, ಇದಕ್ಕೆ ತೂಕ ಜಾಸ್ತಿ. ಹಲಸು ನನಗೆ ಇಷ್ಟ. ವೀಣೆಯ ಕೊಡ ಮಾಡುವ ಮರ ಅದು, ಹಗುರ, ಕೆತ್ತಲು ಸುಖ. ಶಿವನಿ ಇನ್ನೂ ಹಗುರ, ಒಣಗಿದ ಮೇಲೆ ಅಲುಗುವುದಿಲ್ಲ. ನಿಮ್ಮ ಬಡಿಗೇರರು ಹೇಳಿದ ಸಾಗವಾನಿಯೂ ಒಳ್ಳೆಯದೇ, ಅದರಲ್ಲೂ ಹಳೆ ಸಾಗವಾನಿ. ಧಾರವಾಡ, ಹುಬ್ಬಳ್ಳಿ, ಗದಗದಲ್ಲಿ ಹಳೆ ಮನೆಗಳನ್ನು ಕೆಡವಿದಾಗ ತೊಲೆ, ಬಾಗಿಲ ಚೌಕಟ್ಟು ಮಾರಾಟಕ್ಕೆ ಬರುತ್ತವೆ. ಅರವತ್ತು, ಎಂಬತ್ತು ವರ್ಷ ಮಾಡಿನ ಕೆಳಗೆ ಒಣಗಿದ ಮರ. ಅಂಥದ್ದು ಸಿಕ್ಕರೆ ಬಿಡಬೇಡಿ, ಬಿಲ್ ಮಾತ್ರ ತಗೊಳ್ಳಿ. ಗರಗಸಕ್ಕೆ ಕೊಡುವ ಮೊದಲು ಆಯಸ್ಕಾಂತ ಹಿಡಿದು ಮೊಳೆ ಹುಡುಕಿ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಜಾಗವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಕೂಡಲೇ ಅಂಟಿಸಬೇಕು. ಉಳಿಯ ಬಾಯಿಯೂ ಬೇಗ ಮೊಂಡಾಗುತ್ತದೆ. ಇದು ಬಡಿಗೇರರಿಗೆ ಗೊತ್ತೇ ಇರುತ್ತದೆ.

ಹಲಗೆ 32 ಇಂಚು ಉದ್ದ, 7 ಇಂಚು ಅಗಲ, 2 ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ ಇರಲಿ. ಎಳೆ ಯಾವ ಕಡೆ ಓಡುತ್ತದೆ ಅನ್ನುವುದು ಆಕಾರಕ್ಕಿಂತ ಮುಖ್ಯ. ಸ್ಟಾಕ್‌ನ ಅತಿ ತೆಳು ಜಾಗ ಗ್ರಿಪ್‌ನ ಹಿಂದಿನ ಕುತ್ತಿಗೆ. ಅಲ್ಲಿ ಎಳೆ ಉದ್ದಕ್ಕೆ ಓಡಬೇಕು. ಅಡ್ಡ ಓಡಿದರೆ ಒಂದು ದಿನ ಕೈಜಾರಿ ನೆಲಕ್ಕೆ ಬಿದ್ದಾಗ ಅಲ್ಲೇ ಮುರಿಯುತ್ತದೆ. ಹಲಗೆಯ ಮೇಲೆ ಹಳೆ ಸ್ಟಾಕ್ ಇಟ್ಟು ಸೀಸದ ಕಡ್ಡಿಯಿಂದ ಗೆರೆ ಎಳೆಯಿರಿ. ಕುತ್ತಿಗೆಯ ಜಾಗದಲ್ಲಿ ಎಳೆ ನೋಡುತ್ತ, ನಕ್ಷೆಯನ್ನು ಓರೆ ಮಾಡಿ, ಮತ್ತೆ ಇಟ್ಟು ನೋಡಿ. ಅರ್ಧ ಗಂಟೆ ಹೋದರೂ ಹೋಗಲಿ.

ಮರ ಒಣಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಬೇಕಿಲ್ಲ. ಅಡುಗೆಮನೆಯ ತೂಕದ ಯಂತ್ರ ಸಾಕು. ವಾರಕ್ಕೊಮ್ಮೆ ತೂಗಿ ಹಲಗೆಯ ಮೇಲೆಯೇ ಬರೆಯಿರಿ. ನಾಲ್ಕು ವಾರ ತೂಕ ಇಳಿಯದೆ ನಿಂತರೆ ಕೆಲಸ ಶುರು ಮಾಡಬಹುದು. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಆಗ ಸರಿಯಾಗಿ ಕೂತದ್ದು ಮಾಘದ ಒಣಹವೆಗೆ ಸಡಿಲಾಗುತ್ತದೆ. ನಿಮ್ಮ ರಾಣೇಬೆನ್ನೂರಿನಲ್ಲಿ ಅಷ್ಟು ತೇವ ಇಲ್ಲ, ಆದರೂ ಮಳೆ ಮುಗಿಯಲಿ.

ಕಬ್ಬಿಣದ ಭಾಗ ಮರದಲ್ಲಿ ಕೂರುವ ಗುಂಡಿ ತೋಡುವುದು ಇಡೀ ಕೆಲಸದ ಜೀವ. ಇದಕ್ಕೆ ನಾನು ಕಾಡಿಗೆ ಬಳಸುತ್ತೇನೆ. ಔಡಲೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಹಿಡಿದ ಮಸಿ, ಅದಕ್ಕೆ ಎರಡು ಹನಿ ಔಡಲೆಣ್ಣೆ. ನಮ್ಮ ಅಜ್ಜಿ ಮಕ್ಕಳ ಕಣ್ಣಿಗೆ ಮಾಡುತ್ತಿದ್ದದ್ದೇ. ಅದನ್ನು ಕಬ್ಬಿಣದ ಕೆಳಮೈಗೆ ಬೆರಳಿಂದ ತೆಳುವಾಗಿ ಸವರಿ, ಮರದ ಗುಂಡಿಯಲ್ಲಿ ಮೆಲ್ಲಗೆ ಒತ್ತಿ, ನೇರವಾಗಿ ಎತ್ತಬೇಕು. ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮಾತ್ರ ಮರ ಎತ್ತರ ಇದೆ. ಅಲ್ಲಿ ಮಾತ್ರ ಉಳಿಯಿಂದ ಒಂದು ಸಿಪ್ಪೆ ತೆಗೆಯಿರಿ. ಮತ್ತೆ ಸವರಿ, ಒತ್ತಿ, ಎತ್ತಿ. ಮೊದಲು ಎರಡು ಮೂರು ಚುಕ್ಕೆ ಹತ್ತುತ್ತವೆ, ಆಮೇಲೆ ಹತ್ತಿಪ್ಪತ್ತು, ಕೊನೆಗೆ ಇಡೀ ಗುಂಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಎಪ್ಪತ್ತು ಎಂಬತ್ತು ಸಲ ಒತ್ತಿ ಎತ್ತಬೇಕಾಗಬಹುದು. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ತೆಗೆದ ಸಿಪ್ಪೆ ಮತ್ತೆ ಅಂಟುವುದಿಲ್ಲ. ಟ್ರಿಗರ್ ಚಲಿಸುವ ಜಾಗದ ಸುತ್ತ ಮಾತ್ರ ಎಲ್ಲ ಕಡೆ 2 ಮಿಮೀ ಬಿಡುವು ಇರಲೇಬೇಕು. ಮರ ಉಬ್ಬಿ ಟ್ರಿಗರ್‌ಗೆ ತಾಗಿದರೆ ಅದು ವಾಪಸ್ ಬರದೆ ಅರ್ಧಕ್ಕೇ ನಿಲ್ಲುತ್ತದೆ. ಅದು ಉಜ್ಜಿದ ಸಿಯರ್‌ನಷ್ಟೇ ಅಪಾಯ.

ಸ್ಕ್ರೂಗಳು ಮರಕ್ಕೆ ನೇರ ಬಿಗಿಯಬಾರದು. ಸ್ಪ್ರಿಂಗ್ ರೈಫಲ್ ಪ್ರತಿ ಗುಂಡಿಗೂ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ. ಸ್ಕ್ರೂ ತಲೆಯ ಕೆಳಗಿನ ಮರ ನುಗ್ಗಾಗುತ್ತದೆ, ಬಿಗಿ ಹೋಗುತ್ತದೆ, ಗುಂಡು ಎಲ್ಲೆಲ್ಲೋ ಬೀಳುತ್ತದೆ. ಜನ ಸೈಟನ್ನು ಬೈಯುತ್ತಾರೆ. ಪ್ರತಿ ಸ್ಕ್ರೂ ತೂತಿಗೂ ಒಂದು ಅಲ್ಯೂಮಿನಿಯಂ ಕೊಳವೆ ತುಂಡು ಕೂರಿಸಿ, ಎಪಾಕ್ಸಿಯಿಂದ ಅಂಟಿಸಿ. ಸ್ಕ್ರೂ ಆಗ ಲೋಹಕ್ಕೆ ಲೋಹ ಬಿಗಿಯುತ್ತದೆ. ಎಪಾಕ್ಸಿ ಹಾಕುವಾಗ ರೈಫಲ್‌ನ ಕಬ್ಬಿಣಕ್ಕೆ ಮೇಣದ ಪಾಲಿಶ್ ದಪ್ಪಗೆ ಹಚ್ಚಿರಬೇಕು. ಇಲ್ಲದಿದ್ದರೆ ರೈಫಲ್ಲೂ ಮರವೂ ಒಂದೇ ಆಗಿಬಿಡುತ್ತವೆ.

ಮೇಲ್ಮೈಗೆ 120, 220, 320 ನಂಬರಿನ ಮರಳು ಕಾಗದ, ಅದೇ ಕ್ರಮದಲ್ಲಿ. ಕೊನೆಯ ಸಲಕ್ಕೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ, ಮಲಗಿದ ಎಳೆಗಳು ಎದ್ದು ನಿಲ್ಲುತ್ತವೆ. ಮತ್ತೆ ಉಜ್ಜಿ. ನಂತರ ಅಗಸೆ ಎಣ್ಣೆ. ಚಟ್ನಿಯ ಅಗಸಿಯೇ, ಆದರೆ ಪೇಂಟ್ ಅಂಗಡಿಯ ಬಾಯಿಲ್ಡ್ ಎಣ್ಣೆ ಬೇಕು, ಹಸಿ ಎಣ್ಣೆ ವಾರವಾದರೂ ಒಣಗುವುದಿಲ್ಲ. ದಿನಕ್ಕೊಂದು ತೆಳು ಕೈ, ಹತ್ತು ದಿನ. ಅಂಗೈಯಿಂದಲೇ ಬಿಸಿಯಾಗುವವರೆಗೆ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಹೊರಗೆ ಹಗ್ಗದ ಮೇಲೆ ಹರವಿ.

ಇನ್ನು ಟ್ರಿಗರ್. ಮರ ಸರಿಯಾದ ಮೇಲೆ ಅದರ ಭಾರ ಅಳೆಯಿರಿ. ಗ್ಯಾಸ್ ಸಿಲಿಂಡರ್, ಬ್ಯಾಗು ತೂಗುವ ಸಣ್ಣ ಡಿಜಿಟಲ್ ಕೊಕ್ಕೆ ತಕ್ಕಡಿ ಸಿಗುತ್ತದೆ. ರೈಫಲ್, ಹೊಡೆದ ಪೆಲೆಟ್ ಹಿಡಿಯುವ ಪೆಟ್ಟಿಗೆಯ ಕಡೆ ಮುಖ ಮಾಡಿ ಮೇಜಿನ ಮೇಲೆ ಭದ್ರವಾಗಿರಲಿ, ಒಳಗೆ ಪೆಲೆಟ್ ಇರಲಿ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆದರೆ ಪಿಸ್ಟನ್ ಗೋಡೆಗೆ ಬಡಿದು ಸೀಲ್ ಹಾಳಾಗುತ್ತದೆ. ಬೆರಳು ಬೀಳುವ ಜಾಗಕ್ಕೇ ಕೊಕ್ಕೆ ಹಾಕಿ ನೇರ ಹಿಂದಕ್ಕೆ ಎಳೆಯಿರಿ. ಐದು ಸಲ ಅಳೆದು ಬರೆದಿಡಿ. ಐದೂ ಹತ್ತಿರ ಹತ್ತಿರ ಇದ್ದರೆ ಟ್ರಿಗರ್ ಆರೋಗ್ಯವಾಗಿದೆ. ಒಮ್ಮೆ 1.2, ಒಮ್ಮೆ 2.1 ಬಂದರೆ ಒಳಗೆ ಕೊಳೆಯೋ ಸವೆತವೋ ಇದೆ, ರೈಫಲ್ ತಯಾರಿಸಿದವರ ಸರ್ವಿಸ್‌ಗೆ ಕಳಿಸಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಹೊರಗಿನಿಂದ ಕಾಣುವ ಧೂಳು ತೆಗೆಯುವುದು, ತಿರುಗುವ ಪಿನ್ನಿಗೆ ಸೂಜಿಮೊನೆಯಷ್ಟು ಮಾಲಿಬ್ಡಿನಮ್ ಗ್ರೀಸ್, ಕೈಪಿಡಿಯಲ್ಲಿ ತೋರಿಸಿದ ಹೊಂದಿಸುವ ಸ್ಕ್ರೂ ಇದ್ದರೆ ಒಂದು ಸಲಕ್ಕೆ ಕಾಲು ಸುತ್ತು. ಕೈಪಿಡಿ ಹೇಳಿದ ಮಿತಿ ದಾಟಬೇಡಿ. ಟ್ರಿಗರ್ ಮೇಲೆ ಹಾಕುವ ಅಗಲ ಪಟ್ಟಿಯೂ ಸಿಗುತ್ತದೆ. ಅದೇ ಭಾರ ಬೆರಳಿನ ಹೆಚ್ಚು ಜಾಗಕ್ಕೆ ಹಂಚಿಹೋಗಿ ಹಗುರ ಅನ್ನಿಸುತ್ತದೆ. ಆದರೆ ಟ್ರಿಗರ್ ಗೂಡನ್ನು ಬಿಚ್ಚಬೇಡಿ. ಅದರ ಹಿಂದೆ ಕಾಕ್ ಮಾಡದಿದ್ದರೂ ಒತ್ತಿಕೊಂಡೇ ಕೂತ ಸ್ಪ್ರಿಂಗ್ ಇರುತ್ತದೆ. ಆ ಮಾಡೆಲ್‌ಗೇ ಮಾಡಿದ ಹೊಸ ಟ್ರಿಗರ್ ಸಿಕ್ಕರೆ ತಗೊಳ್ಳಿ, ಕೂರಿಸುವುದನ್ನು ಸರ್ವಿಸ್‌ನವರಿಗೆ ಬಿಡಿ. 10 ಮೀಟರ್ ರೈಫಲ್‌ನಲ್ಲಿ ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮ ಇಲ್ಲ, ಪಿಸ್ತೂಲಿಗೆ 500 ಗ್ರಾಂ ಇದೆ. ಹಾಗಂತ ಸ್ಪರ್ಧೆಯ ರೈಫಲ್‌ನ 100 ಗ್ರಾಮಿನ ಟ್ರಿಗರನ್ನು ಸ್ಪ್ರಿಂಗ್ ರೈಫಲ್‌ನಲ್ಲಿ ಬಯಸಬೇಡಿ. ಮನೆಯ ರೈಫಲ್‌ಗೆ 1 ಕೆಜಿಯ ಆಸುಪಾಸು ಬಂದರೆ ನಾನಂತೂ ಅಲ್ಲಿಗೇ ನಿಲ್ಲಿಸುತ್ತೇನೆ.

ಏನೇ ಮಾಡಿದರೂ ಮಗಳ ಕೈಗೆ ಕೊಡುವ ಮುಂಚೆ ನೀವು ಪರೀಕ್ಷಿಸಿ. ಕನ್ನಡಕ ಹಾಕಿಕೊಳ್ಳಿ. ಕಾಕ್ ಮಾಡಿ, ಪೆಲೆಟ್ ಇಡುವಾಗ ಬ್ಯಾರಲನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದೇ ಇರಿ. ಇದನ್ನು ಮಗಳಿಗೂ ಅಭ್ಯಾಸ ಮಾಡಿಸಿ. ಮುಚ್ಚಿ, ಸೇಫ್ಟಿ ಹಾಕಿ, ಪೆಟ್ಟಿಗೆಯ ಕಡೆಗೇ ತಿರುಗಿಸಿ ಟ್ರಿಗರ್ ಒತ್ತಿ ಬಿಡಿ. ಸೇಫ್ಟಿ ತೆಗೆಯಿರಿ. ಗುಂಡು ಹಾರಬಾರದು. ಬಟ್ಟಿಗೆ ಅಂಗೈಯಿಂದ ನಾಲ್ಕು ಸಲ ಬಲವಾಗಿ ತಟ್ಟಿ. ಆಗಲೂ ಹಾರಬಾರದು. ಹಾರಿದರೆ ಅದನ್ನು ಮತ್ತೆ ಕಾಕ್ ಮಾಡಬೇಡಿ, ನೇರ ಸರ್ವಿಸ್‌ಗೆ.

ಈಗ ಮಾವನ ಕೋವಿ. ನಿಮ್ಮ ಮಗಳ ರೈಫಲ್ 4.5 ಮಿಮೀ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ 175 ಮೀಟರ್ ಹೋದರೆ 8 ಜೂಲ್ ಕೂಡ ಆಗುವುದಿಲ್ಲ, ಸ್ಪರ್ಧೆಗೆ ಅಷ್ಟೇ ಸಾಕು. ಹಾಗಾಗಿ ಸ್ಪ್ರಿಂಗ್ ಬದಲಿಸಿ ಬಲ ಹೆಚ್ಚಿಸುವ ಯೋಚನೆಯೂ ಬೇಡ. ಕೋವಿ ಹಾಗಲ್ಲ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುವ ಮದ್ದಿನ ಆಯುಧ. ಅದರ ರಿಪೇರಿ ಮಾಡುವವರಿಗೇ ಬೇರೆ ಲೈಸೆನ್ಸ್ ಇರುತ್ತದೆ. ಬಡಿಗೇರರ ಅಂಗಡಿಯಲ್ಲಿ ಅದನ್ನು ಬಿಟ್ಟು ಬಂದರೆ ಅವರಿಗೂ ಮಾವನಿಗೂ ತೊಂದರೆ. ಸೀಳಿದ ಹಿಡಿ ಹೊಡೆದಾಗ ಮುರಿದು ಕೆನ್ನೆಗೆ ಬಡಿಯಬಹುದು, ಆದ್ದರಿಂದ ಅಲ್ಲಿಯವರೆಗೆ ಬಳಸಲೂಬಾರದು. ಮಾವ ತಾವೇ ಲೈಸೆನ್ಸ್ ಪುಸ್ತಕ ಹಿಡಿದು ಪರವಾನಗಿ ಇರುವ ಬಂದೂಕು ಅಂಗಡಿಗೆ ಒಯ್ಯಲಿ.

ನೀವು ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ನಿಮ್ಮ ಊರಿನ ಪಕ್ಕದಲ್ಲೇ ಕೃಷ್ಣಮೃಗದ ಅಭಯಾರಣ್ಯ ಇದೆ, ಬಂಕಾಪುರದ ಕೋಟೆಯಲ್ಲಿ ನವಿಲುಗಳಿವೆ. ಮೆಕ್ಕೆಜೋಳಕ್ಕೆ ಗಿಳಿ ಬಿದ್ದಾಗ ಮನೆಯಲ್ಲಿರುವ ಏರ್ ಗನ್ ನೆನಪಾಗುವುದು ಸಹಜ. ನೆರೆಯವರು ಕೇಳಿಕೊಂಡೂ ಬರುತ್ತಾರೆ. ಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕ್ಕೆ ಗುಂಡು ಹೊಡೆಯುವುದು ಅಪರಾಧ, ರೈಫಲ್ಲಿಗೆ ಲೈಸೆನ್ಸ್ ಬೇಡ ಅನ್ನುವುದರಿಂದ ಅಪರಾಧ ಕಡಿಮೆ ಆಗುವುದಿಲ್ಲ. ರೈಫಲ್ ಬೀರುವಿನಲ್ಲಿ, ಪೆಲೆಟ್ ಡಬ್ಬಿ ಬೇರೆ ಕಡೆ, ಬೀಗದ ಕೈ ನಿಮ್ಮ ಹತ್ತಿರ ಇರಲಿ.

ಹೊಸ ಸ್ಟಾಕ್ ಕೂರಿಸಿದ ಮೇಲೆ ಮೊದಲ 50 ಗುಂಡಿಗೆ ಒಮ್ಮೆ, ಆಮೇಲೆ 200ಕ್ಕೊಮ್ಮೆ ಸ್ಕ್ರೂ ಬಿಗಿ ನೋಡಿ. ಮೊದಲ ಮಳೆ ಬಿದ್ದ ವಾರ, ಮಳೆ ನಿಂತ ತಿಂಗಳು, ಈ ಎರಡು ಸಲ ಟ್ರಿಗರ್ ಸುತ್ತಲಿನ ಆ 2 ಮಿಮೀ ಬಿಡುವು ಹಾಗೇ ಇದೆಯೇ ಅಂತ ನೋಡಿ. ಅದೇ ಲಗ್ನಪತ್ರಿಕೆಯ ಕಾಗದವನ್ನು 2 ಮಿಮೀ ದಪ್ಪ ಬರುವಷ್ಟು ಪದರ ಮಡಚಿ ತೂರಿಸಿದರೆ ಸಾಕು.